ಹಳೆಯ ಆಟದ ಯಂತ್ರಕ್ಕೆ ತಕ್ಕ ಪರದೆ

ಕಳೆದ ದೀಪಾವಳಿಗೆ ಮುನ್ನ ದಾವಣಗೆರೆಯ ನಮ್ಮ ಅಣ್ಣನವರ ಮನೆಯಲ್ಲಿ ಅಟ್ಟವನ್ನು ಶುಚಿಗೊಳಿಸುತ್ತಿದ್ದಾಗ ಒಂದು ರಟ್ಟಿನ ಪೆಟ್ಟಿಗೆ ಕೆಳಗಿಳಿಯಿತು. ಅಣ್ಣನವರು 1997ರಲ್ಲಿ ಮಗನಿಗಾಗಿ ಕೊಂಡು ತಂದಿದ್ದ ವಿಡಿಯೋ ಗೇಮ್ ಯಂತ್ರ ಅದರಲ್ಲಿತ್ತು. ಜೊತೆಗೆ ಎರಡು ರಿಮೋಟುಗಳು, ಪ್ಲಾಸ್ಟಿಕ್ಕಿನ ಒಂದು ಬಂದೂಕು, ಹತ್ತು ಹನ್ನೆರಡು ಕ್ಯಾಸೆಟ್ಟುಗಳು. ಹಿಂದಿನ ಕೋಣೆಯ ಮೂಲೆಯಲ್ಲಿ ಅದೇ ಕಾಲದ ಇಪ್ಪತ್ತೊಂದು ಅಂಗುಲದ ಡಬ್ಬಾ ಟಿ.ವಿ.ಯೂ ಬಟ್ಟೆ ಹೊದ್ದು ಕುಳಿತಿತ್ತು. ಅದನ್ನು ಹಬ್ಬದೊಳಗೆ ಗುಜರಿಯವನಿಗೆ ಕೊಟ್ಟು ಜಾಗ ಮಾಡಿಕೊಳ್ಳಬೇಕೆಂಬುದು ಅತ್ತಿಗೆಯವರ ನಿಶ್ಚಯವಾಗಿತ್ತು.

ಅಣ್ಣನವರು ಲಿಂಗೈಕ್ಯರಾಗಿ ಆರು ವರ್ಷಗಳಾದವು. ಭಾನುವಾರದ ಮಧ್ಯಾಹ್ನಗಳಲ್ಲಿ ತಂದೆ ಮಗ ಇಬ್ಬರೂ ಒಂದೊಂದು ರಿಮೋಟು ಹಿಡಿದು ಆ ಯಂತ್ರದ ಮುಂದೆ ಕುಳಿತಿರುತ್ತಿದ್ದುದನ್ನು ನಾವೇ ಕಂಡಿದ್ದೇವೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ಹಬ್ಬಕ್ಕೆ ಹೆಂಡತಿ ಮಗಳೊಡನೆ ಬಂದವನು ಪೆಟ್ಟಿಗೆಯನ್ನು ಕಂಡು ಬಹಳ ಸಂತೋಷಪಟ್ಟನು. ಧೂಳು ಒರೆಸಿ, ಹಳದಿ ಪಿನ್ನಿನ ವೈರನ್ನು ಪಡಸಾಲೆಯ ಹೊಸ ಟಿ.ವಿ.ಗೆ ಸಿಕ್ಕಿಸಿದನು. ಚಿತ್ರವೂ ಬಂದಿತು. ಆದರೆ ಅಕ್ಷರಗಳ ಅಂಚಿನಲ್ಲಿ ಬಣ್ಣ ಸೋರಿದಂತಿತ್ತು. ಮೀಸೆಯ ಮಾರಿಯೊ ಅಡ್ಡಕ್ಕೆ ಉಬ್ಬಿಕೊಂಡು ಇಮ್ಮಡಿ ಉಂಡವನಂತೆ ಕಾಣುತ್ತಿದ್ದನು. ಅದಕ್ಕಿಂತ ಮುಖ್ಯವಾಗಿ, ಬಾಲ್ಯದಲ್ಲಿ ಕಣ್ಣುಮುಚ್ಚಿ ದಾಟುತ್ತಿದ್ದ ಮೊದಲ ಹಳ್ಳದಲ್ಲಿಯೇ ನಮ್ಮ ಹುಡುಗ ಬಿದ್ದನು. ಮತ್ತೆ ಬಿದ್ದನು. ಐದಾರು ಬಾರಿ ಹೀಗಾದ ಮೇಲೆ ರಿಮೋಟನ್ನು ಕೆಳಗಿಟ್ಟು, “ಕೈ ಮರೆತುಬಿಟ್ಟಿದೆ ಚಿಕ್ಕಪ್ಪ, ಅಪ್ಪಾಜಿ ಇದ್ದಿದ್ದರೆ ನಗುತ್ತಿದ್ದರು” ಎಂದನು.

ವಯಸ್ಸಾದಂತೆ ಎಲ್ಲರಿಗೂ ಆಗುವುದು ಇದೇ ಎಂದು ನಾವೂ ತಿಳಿದೆವು. ಆದರೆ ವಿಚಾರಿಸುತ್ತ ಹೋದಂತೆ, ದೋಷವಿದ್ದುದು ಅವನ ಕೈಯಲ್ಲಲ್ಲ, ಆ ಎರಡು ಯಂತ್ರಗಳ ಹೊಂದಾಣಿಕೆಯಲ್ಲಿ ಎಂಬುದು ತಿಳಿಯಿತು. ಇಂಥ ಪೆಟ್ಟಿಗೆ ಇನ್ನೂ ಎಷ್ಟೋ ಮನೆಗಳ ಅಟ್ಟದ ಮೇಲೆ ಇರಬಹುದು. ಅದಕ್ಕಾಗಿ ಹಣ ವ್ಯಯಿಸುವ ಮುನ್ನ, ಹಳೆಯ ಟಿ.ವಿ.ಯನ್ನು ಗುಜರಿಗೆ ಹಾಕುವ ಮುನ್ನ, ಓದುಗರು ಈ ವಿಷಯವನ್ನು ಸ್ವಲ್ಪ ಅರಿತಿರುವುದು ಒಳಿತೆಂದು ಭಾವಿಸಿ ಬರೆಯುತ್ತಿದ್ದೇವೆ.

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರ ಜುಲೈ ತಿಂಗಳಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು ಹೊರತಂದಿತು. 1990ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ‘ಟಿ.ವಿ. ಗೇಮ್’ ಎಂದು ಮಾರಾಟವಾದ ಹೆಚ್ಚಿನ ಯಂತ್ರಗಳು ಅದರ ಅನುಕರಣೆಗಳೇ. ಸೆಗಾ ಸಂಸ್ಥೆಯ ಮೆಗಾ ಡ್ರೈವ್ 1988ರಲ್ಲಿಯೂ, ನಿಂಟೆಂಡೊದ ಸೂಪರ್ ಫ್ಯಾಮಿಕಾಂ 1990ರಲ್ಲಿಯೂ, ಸೋನಿಯ ಪ್ಲೇಸ್ಟೇಷನ್ 1994ರಲ್ಲಿಯೂ ಜಪಾನಿನಲ್ಲಿ ಬಂದವು. ಇವೆಲ್ಲವೂ ಪಿಕ್ಚರ್ ಟ್ಯೂಬಿನ ಟಿ.ವಿ.ಯನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಆಗ ಬೇರೆ ಬಗೆಯ ಟಿ.ವಿ. ಮನೆಗಳಲ್ಲಿ ಇರಲೇ ಇಲ್ಲ.

ನಮ್ಮ ದೇಶದ ಟಿ.ವಿ. ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 625 ಗೆರೆಗಳು. ಆ ಚಿತ್ರವನ್ನು ಒಮ್ಮೆಗೇ ಬರೆಯದೆ ಎರಡು ಸಲಕ್ಕೆ ಬರೆಯುತ್ತಾರೆ. ಮೊದಲು ಒಂದು ಬಿಟ್ಟು ಒಂದರಂತೆ ಅರ್ಧದಷ್ಟು ಗೆರೆಗಳು, ಬಳಿಕ ಅವುಗಳ ನಡುವಿನ ಉಳಿದರ್ಧ. ಸೆಕೆಂಡಿಗೆ ಇಂಥ 50 ಅರ್ಧಚಿತ್ರಗಳು ಬರುತ್ತವೆ. ಹಳೆಯ ಆಟದ ಯಂತ್ರಗಳು ಇಲ್ಲಿ ಒಂದು ಜಾಣ್ಮೆ ತೋರಿದವು. ಅವು ಎರಡನೆಯ ಸಲವೂ ಮೊದಲಿನ ಗೆರೆಗಳ ಮೇಲೆಯೇ ಬರೆಯುವಂತೆ ಸಂಕೇತವನ್ನು ಕೊಂಚ ಬದಲಿಸಿದವು. ಹೀಗಾಗಿ ಪ್ರತಿಯೊಂದು ಅರ್ಧವೂ ತಾನೇ ಒಂದು ಪೂರ್ಣ ಚಿತ್ರವಾಯಿತು. ಆಟದ ಚಿತ್ರದಲ್ಲಿ ಇರುವುದು ಸುಮಾರು 240 ಗೆರೆಗಳು ಮಾತ್ರ. ನಡುವಿನ ಗೆರೆಗಳು ಕಪ್ಪಾಗಿಯೇ ಉಳಿಯುತ್ತವೆ. ಹಳೆಯ ಟಿ.ವಿ.ಯ ಹತ್ತಿರ ಹೋಗಿ ನೋಡಿದರೆ ಕಾಣುತ್ತಿದ್ದ ಸಣ್ಣ ಕಪ್ಪು ಗೆರೆಗಳು ಇವೇ.

ಹೊಸ ಟಿ.ವಿ.ಗಳಲ್ಲಿ ಅನೇಕವಕ್ಕೆ ಈ ಜಾಣ್ಮೆ ಅರ್ಥವಾಗುವುದಿಲ್ಲ. ಹಳದಿ ಪಿನ್ನಿನಿಂದ ಬರುವುದೆಲ್ಲವೂ ಸಾಮಾನ್ಯ ಪ್ರಸಾರದ ಅರ್ಧಚಿತ್ರಗಳೇ ಎಂದು ತಿಳಿದು, ಒಂದರೊಡನೆ ಇನ್ನೊಂದನ್ನು ಹೆಣೆದು ಒಂದು ಚಿತ್ರ ಮಾಡಲು ಅವು ಹೊರಡುತ್ತವೆ. ಬೇರೆ ಬೇರೆ ಕ್ಷಣಗಳ ಎರಡು ಚಿತ್ರಗಳು ಬೆರೆತಾಗ ಓಡುವ ಆಕೃತಿಯ ಅಂಚು ಬಾಚಣಿಗೆಯ ಹಲ್ಲಿನಂತಾಗುತ್ತದೆ. ಪೆಟ್ಟು ತಿಂದ ಮಾರಿಯೊ ಕೆಲವು ಕ್ಷಣ ಮಿನುಗಬೇಕಾದಲ್ಲಿ ಅರ್ಧಂಬರ್ಧವಾಗಿ ಕಾಣುತ್ತಾನೆ, ಇಲ್ಲವೆ ಪೂರ್ತಿ ಮಾಯವಾಗುತ್ತಾನೆ.

ಈ ಹೆಣಿಗೆಗೆ ಸಮಯವೂ ಬೇಕು. ಚಿತ್ರವನ್ನು ಹಿಡಿದಿಟ್ಟುಕೊಂಡು, ಹೆಣೆದು, ಹಿಗ್ಗಿಸಿ, ಬಣ್ಣ ತಿದ್ದಿ ಪರದೆಗೆ ತರುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆದುಹೋಗುವುದುಂಟು. ಸುದ್ದಿ ನೋಡುವವರಿಗೆ ಇದರ ಅರಿವೇ ಆಗುವುದಿಲ್ಲ. ಆಟದಲ್ಲಿ ಹಾಗಲ್ಲ. ಸೆಕೆಂಡಿಗೆ 50 ಚಿತ್ರಗಳ ಲೆಕ್ಕದಲ್ಲಿ ಅದು ಐದು ಚಿತ್ರಗಳಷ್ಟು ತಡ. ಹಳ್ಳದ ಅಂಚು ಕಣ್ಣಿಗೆ ಕಾಣುವ ವೇಳೆಗೆ ಯಂತ್ರದೊಳಗಿನ ಮಾರಿಯೊ ಆಗಲೇ ಅದನ್ನು ದಾಟಿ ಮುಂದೆ ಹೋಗಿರುತ್ತಾನೆ. ಟ್ಯೂಬಿನ ಟಿ.ವಿ.ಯಲ್ಲಾದರೋ ಗೆರೆ ಬಂದಂತೆ ಬಂದಂತೆ ಬರೆಯುವುದರಿಂದ ತಡವೆಂಬುದೇ ಇಲ್ಲ. ನಮ್ಮ ಹುಡುಗನ ಕೈ ಹಳೆಯದನ್ನು ಸರಿಯಾಗಿಯೇ ನೆನಪಿಟ್ಟುಕೊಂಡಿತ್ತು.

ಹಣ ಖರ್ಚಿಲ್ಲದ ಪರಿಹಾರಗಳನ್ನು ಮೊದಲು ನೋಡಬೇಕು. ಹೊಸ ಟಿ.ವಿ.ಗಳಲ್ಲಿ ‘ಗೇಮ್ ಮೋಡ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಹಾಕಿದರೆ ಅನವಶ್ಯಕ ತಿದ್ದುಪಡಿಗಳು ನಿಂತು ತಡ ಕಡಿಮೆಯಾಗುತ್ತದೆ. ಚಿತ್ರದ ಅಳತೆಯನ್ನು 16:9ರಿಂದ 4:3ಕ್ಕೆ ಬದಲಿಸಿದರೆ ಮಾರಿಯೊ ತನ್ನ ಮೊದಲಿನ ಮೈಕಟ್ಟಿಗೆ ಬರುತ್ತಾನೆ. ನಾವು ಇವೆರಡನ್ನೂ ಮಾಡಿದೆವು. ಆಕೃತಿ ಸರಿಹೋಯಿತು, ಹಳ್ಳ ದಾಟುವುದು ಕೊಂಚ ಸುಲಭವಾಯಿತು. ಹೆಣಿಗೆಯ ದೋಷ ಮಾತ್ರ ಹಾಗೆಯೇ ಉಳಿಯಿತು.

ಮರುದಿನ ನಮ್ಮ ಹುಡುಗ ಪೇಟೆಗೆ ಹೋಗಿ, ಹಳದಿ ಪಿನ್ನನ್ನು ಎಚ್.ಡಿ.ಎಂ.ಐ.ಗೆ ಪರಿವರ್ತಿಸುವ ಬೆಂಕಿಪೆಟ್ಟಿಗೆ ಗಾತ್ರದ ಸಾಧನವೊಂದನ್ನು ಕೆಲವು ನೂರು ರೂಪಾಯಿಗೆ ತಂದನು. ಅಂಗಡಿಯವರು ‘ಫುಲ್ ಎಚ್.ಡಿ. ಬರುತ್ತದೆ’ ಎಂದು ಹೇಳಿದ್ದರಂತೆ. ಈ ಬಗೆಯ ಅಗ್ಗದ ಸಾಧನಗಳೂ ಸಾಮಾನ್ಯವಾಗಿ ಟಿ.ವಿ. ಮಾಡುವ ತಪ್ಪನ್ನೇ ಮಾಡುತ್ತವೆ. ತಪ್ಪು ಹೆಣಿಗೆಯ ಚಿತ್ರವನ್ನೇ 1080 ಗೆರೆಗಳಿಗೆ ಹಿಗ್ಗಿಸಿ ಕೊಡುತ್ತವೆ. ತಡವೂ ಟಿ.ವಿ.ಯ ತಡಕ್ಕೆ ಸೇರಿಕೊಳ್ಳುತ್ತದೆ. ಹೊಸ ಟಿ.ವಿ.ಯಲ್ಲಿ ಹಳದಿ ಪಿನ್ನಿನ ಕಿಂಡಿಯೇ ಇಲ್ಲದವರಿಗೆ ಚಿತ್ರವನ್ನಾದರೂ ಕಾಣಲು ಇದು ಉಪಯೋಗಕ್ಕೆ ಬಂದೀತು. ಅದಕ್ಕಿಂತ ಹೆಚ್ಚನ್ನು ಇದರಿಂದ ನಿರೀಕ್ಷಿಸಬಾರದು.

ಈ ಕೆಲಸಕ್ಕೆಂದೇ ತಯಾರಾದ ಅಪ್‌ಸ್ಕೇಲರುಗಳ ಮಾತೇ ಬೇರೆ. ಹಳೆಯ ಯಂತ್ರಗಳ ಜಾಣ್ಮೆಯನ್ನು ಅವು ಗುರುತಿಸಬಲ್ಲವು. ಪ್ರತಿಯೊಂದು ಅರ್ಧವನ್ನೂ ಪೂರ್ಣ ಚಿತ್ರವೆಂದೇ ತಿಳಿದು ಒಂದು ಗೆರೆಯನ್ನು ಎರಡಾಗಿ, ಮೂರಾಗಿ, ನಾಲ್ಕಾಗಿ ಬರೆಯುತ್ತವೆ. ಜಪಾನಿನ ಮೈಕಾಂಸಾಫ್ಟ್ ಸಂಸ್ಥೆಯು 2011ರಲ್ಲಿ ಹೊರತಂದ ‘ಫ್ರೇಮ್‌ಮೈಸ್ಟರ್’ ಬಹುಕಾಲ ಹೆಸರುವಾಸಿಯಾಗಿತ್ತು; ಅದರ ತಯಾರಿಕೆ ಈಗ ನಿಂತಿದೆ. ಫಿನ್‌ಲೆಂಡಿನ ಮಾರ್ಕುಸ್ ಹಿಯೆನ್ಕಾರಿ ಎಂಬವರು ರೂಪಿಸಿದ ‘ಓ.ಎಸ್.ಎಸ್.ಸಿ.’ ಎಂಬ ಸಾಧನದ ನಕ್ಷೆಗಳು ಎಲ್ಲರಿಗೂ ಮುಕ್ತವಾಗಿವೆ. ಚಿತ್ರವನ್ನು ಪೂರ್ತಿ ಹಿಡಿದಿಟ್ಟುಕೊಳ್ಳದೆ ಗೆರೆ ಬಂದಂತೆ ಗುಣಿಸಿ ಕಳುಹಿಸುವುದರಿಂದ ಅದರಲ್ಲಿ ತಡವು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಕೊಡುವ ವಿಚಿತ್ರ ಅಳತೆಗಳನ್ನು ಕೆಲವು ಟಿ.ವಿ.ಗಳು ಒಪ್ಪಿಕೊಳ್ಳುವುದಿಲ್ಲ. ಅಲ್ಲದೆ ಅದರ ಮೂಲ ಮಾದರಿಗೆ ಹಳದಿ ಪಿನ್ನಿನ ಕಿಂಡಿಯೇ ಇಲ್ಲ; ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆಬೇರೆಯಾಗಿ ಕೊಡಬಲ್ಲ ಯಂತ್ರಗಳಿಗೆ ಅದು ಹೇಳಿಮಾಡಿಸಿದ್ದು. ನಮ್ಮ ಟಿ.ವಿ. ಗೇಮುಗಳಾದರೋ ಹಳದಿ ಪಿನ್ನನ್ನಷ್ಟೇ ಬಲ್ಲವು. ವಿದೇಶದ ಯಾರದೋ ಹೊಗಳಿಕೆಯನ್ನು ನಂಬಿ ಇದನ್ನು ತರಿಸಿಕೊಂಡರೆ ಪೆಟ್ಟಿಗೆ ಬಿಚ್ಚಿದ ದಿನವೇ ನಿರಾಶೆಯಾದೀತು.

ಅಮೆರಿಕದ ಮೈಕ್ ಚೀ ಎಂಬವರ ‘ರೆಟ್ರೋಟಿಂಕ್’ ಸಾಧನಗಳಲ್ಲಿ ಹಳದಿ ಪಿನ್ನಿಗೆ ಸ್ಥಳವುಂಟು. ಅವುಗಳಲ್ಲಿ ಚಿಕ್ಕದಾದ ‘2ಎಕ್ಸ್’ ಮಾದರಿಯು ಗೆರೆಗಳನ್ನು ಇಮ್ಮಡಿ ಮಾಡಿ, ಉಳಿದುದನ್ನು ಟಿ.ವಿ.ಗೆ ಬಿಡುತ್ತದೆ. 2021ರಲ್ಲಿ ಬಂದ ‘5ಎಕ್ಸ್’ ಇನ್ನೂ ಸಮರ್ಥವಾದುದು. 2023ರ ಕೊನೆಯಲ್ಲಿ ಬಂದ ‘4ಕೆ’ ಮಾದರಿಗೆ 750 ಡಾಲರ್ ಬೆಲೆ ಇಟ್ಟರು. ನಮ್ಮ ಹಣದಲ್ಲಿ ಅದು 60 ಸಾವಿರ ರೂಪಾಯಿಗಳನ್ನು ಮೀರುತ್ತದೆ. ಸಾಗಾಣಿಕೆ, ಸುಂಕ ಬೇರೆ. ಅದರ ಅನುಕೂಲವೂ ನಿಜವೇ. 240ನ್ನು 9ರಿಂದ ಗುಣಿಸಿದರೆ 4ಕೆ ಪರದೆಯ 2160 ಗೆರೆಗಳು ಸರಿಯಾಗಿ ತುಂಬುತ್ತವೆ. 1080 ಗೆರೆಗಳ ಪರದೆಗೆ ನಾಲ್ಕೂವರೆಯಿಂದ ಗುಣಿಸಬೇಕಾಗುವುದರಿಂದ ಕೆಲವು ಗೆರೆ ದಪ್ಪ, ಕೆಲವು ಸಪೂರವಾಗುತ್ತವೆ. ನಾಲ್ಕಕ್ಕೇ ನಿಲ್ಲಿಸಿದರೆ ಮೇಲೆ ಕೆಳಗೆ 60 ಗೆರೆಗಳಷ್ಟು ಕಪ್ಪು ಪಟ್ಟಿ ಉಳಿಯುತ್ತದೆ. ಇಷ್ಟಾದರೂ ಸಾವಿರ ರೂಪಾಯಿ ಬೆಲೆಯಿಲ್ಲದ ಯಂತ್ರಕ್ಕೆ ಅರವತ್ತು ಸಾವಿರದ ಜೊತೆಗಾರನನ್ನು ತರುವುದು ಗೃಹಸ್ಥರಿಗೆ ಒಪ್ಪುವ ಲೆಕ್ಕವಲ್ಲ ಎಂದೇ ನಮ್ಮ ಅಭಿಪ್ರಾಯ. ಹಲವು ಬಗೆಯ ಹಳೆಯ ಯಂತ್ರಗಳನ್ನು ಸಂಗ್ರಹಿಸುವವರ ಮಾತು ಬೇರೆ.

ಚಿತ್ರ ಎಷ್ಟು ಚೊಕ್ಕವಾದರೆ ಅಷ್ಟು ಒಳ್ಳೆಯದೆಂದು ತಿಳಿಯುವುದೂ ಪೂರ್ತಿ ಸರಿಯಲ್ಲ. ಮೆಗಾ ಡ್ರೈವ್ ಯಂತ್ರಕ್ಕಾಗಿ 1991ರಲ್ಲಿ ಬಂದ ‘ಸಾನಿಕ್’ ಆಟದಲ್ಲಿ ಒಂದು ಜಲಪಾತವಿದೆ. ಆ ಯಂತ್ರಕ್ಕೆ ಪಾರದರ್ಶಕ ಬಣ್ಣ ತೋರಿಸುವ ಶಕ್ತಿ ಕಡಿಮೆ. ಆದ್ದರಿಂದ ಚಿತ್ರಕಾರರು ಒಂದು ಬಿಟ್ಟು ಒಂದರಂತೆ ನೀರಿನ ನೀಟಗೆರೆಗಳನ್ನು ಎಳೆದರು. ಹಳದಿ ಪಿನ್ನಿನ ವೈರಿನಲ್ಲಿ ಬಣ್ಣಗಳು ಒಂದರೊಳಗೊಂದು ಸೋರಿ, ಆ ಗೆರೆಗಳು ಬೆರೆತು, ಹಿಂದಿನ ಬಂಡೆ ಕಾಣುವಂಥ ತಿಳಿನೀರಾದವು. ಅದೇ ಆಟವನ್ನು ಅತ್ಯಂತ ಸ್ಪಷ್ಟವಾದ ಸಂಕೇತದಲ್ಲಿ ಹೊಸ ಪರದೆಗೆ ತಂದರೆ ನೀರು ಹೋಗಿ ಬಿದಿರಿನ ತಟ್ಟಿಯಂಥ ಗೆರೆಗಳು ಕಾಣುತ್ತವೆ. ಹಳೆಯ ಪರದೆಯ ಮಂಕನ್ನು ಕೂಡ ಆ ಚಿತ್ರಕಾರರು ಒಂದು ಬಣ್ಣದಂತೆ ಬಳಸಿಕೊಂಡಿದ್ದರು. ಉತ್ತಮ ಅಪ್‌ಸ್ಕೇಲರುಗಳು ಕಪ್ಪು ಗೆರೆಗಳನ್ನೂ ಟ್ಯೂಬಿನ ಹೊಳಪನ್ನೂ ಲೆಕ್ಕ ಹಾಕಿ ಅನುಕರಿಸಿ ತೋರಿಸುವುದು ಇದಕ್ಕಾಗಿಯೇ. ಸಾವಿರಾರು ರೂಪಾಯಿ ವೆಚ್ಚ ಮಾಡಿ ಹಳೆಯ ಟಿ.ವಿ.ಯ ಮುಖವನ್ನೇ ಮರಳಿ ತರಿಸಿಕೊಳ್ಳುವುದನ್ನು ಕೇಳಿ ಅತ್ತಿಗೆಯವರು ಬಹಳ ನಕ್ಕರು.

ಅಷ್ಟಾದರೂ ಮೂಲೆಯ ಟಿ.ವಿ. ಉಳಿಯುತ್ತಿರಲಿಲ್ಲವೇನೊ. ಅದನ್ನು ಉಳಿಸಿದ್ದು ಎಂಟು ವರ್ಷದ ಮೊಮ್ಮಗಳು. ಪೆಟ್ಟಿಗೆಯಲ್ಲಿದ್ದ ಬಂದೂಕನ್ನು ಹಿಡಿದು ಬಾತುಕೋಳಿಗಳಿಗೆ ಗುರಿಯಿಡುವ ಆಟಕ್ಕೆ ಕೂತಳು. ಹೊಸ ಟಿ.ವಿ.ಯಲ್ಲಿ ಎಷ್ಟು ಹೊಡೆದರೂ ಒಂದು ಕೋಳಿಯೂ ಬೀಳಲಿಲ್ಲ. ಈ ಬಂದೂಕಿನಿಂದ ಏನೂ ಹೊರಡುವುದಿಲ್ಲ. ಅದರ ನಳಿಗೆಯಲ್ಲಿ ಬೆಳಕನ್ನು ಗ್ರಹಿಸುವ ಕಣ್ಣಿದೆ. ಕುದುರೆ ಒತ್ತಿದಾಗ ಯಂತ್ರವು ಕ್ಷಣಕಾಲ ಪರದೆಯನ್ನು ಕಪ್ಪಾಗಿಸಿ, ಕೋಳಿ ಇದ್ದೆಡೆ ಬಿಳಿಯ ಚೌಕವನ್ನು ತೋರಿಸುತ್ತದೆ. ಬಂದೂಕಿನ ಕಣ್ಣಿಗೆ ಅದೇ ಕ್ಷಣದಲ್ಲಿ ಬೆಳಕು ಬಿದ್ದರೆ ಗುರಿ ಮುಟ್ಟಿತೆಂದು ಲೆಕ್ಕ. ದೀಪದ ಬುಡ್ಡಿಗೆ ಹಿಡಿದು ಮೋಸ ಮಾಡದಂತೆ, ಟ್ಯೂಬಿನಲ್ಲಿ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆಗಳು ಬರೆಯಲ್ಪಡುವಾಗ ಉಂಟಾಗುವ ಮಿಡಿತವನ್ನೇ ಅದು ಹುಡುಕುತ್ತದೆ. ಹೊಸ ಪರದೆಯಲ್ಲಿ ಆ ಮಿಡಿತವೂ ಇಲ್ಲ, ಚೌಕವೂ ತಡವಾಗಿ ಬರುತ್ತದೆ. 750 ಡಾಲರಿನ ಸಾಧನವನ್ನು ತಂದರೂ ಈ ಕೊರತೆ ತೀರದು. ಟ್ಯೂಬಿನ ಟಿ.ವಿ.ಗಳಲ್ಲಿಯೂ ಕೊನೆಯ ಕಾಲದಲ್ಲಿ ಬಂದ ‘100 ಹರ್ಟ್ಸ್’ ಮಾದರಿಗಳು ಚಿತ್ರವನ್ನು ಹಿಡಿದಿಟ್ಟು ತೋರಿಸುವುದರಿಂದ ಬಂದೂಕಿಗೆ ಆಗಿಬರುವುದಿಲ್ಲ, ಸಾಧಾರಣ ಟಿ.ವಿ.ಯೇ ಬೇಕು.

ಬಟ್ಟೆ ತೆಗೆದು ಡಬ್ಬಾ ಟಿ.ವಿ.ಯನ್ನು ಪಡಸಾಲೆಗೆ ತರಲು ಮೂವರು ಬೇಕಾದರು. ಎರಡು ನಿಮಿಷ ಮಂಕಾಗಿದ್ದು, ಬಳಿಕ ಬಣ್ಣ ಬಂದಿತು. ಒಂದು ಮೂಲೆಯಲ್ಲಿ ಹಸಿರು ಕಲೆ ಇತ್ತು. ಹಿಂದೆಂದೋ ಪಕ್ಕದಲ್ಲಿಟ್ಟ ಸ್ಪೀಕರಿನ ಅಯಸ್ಕಾಂತದಿಂದ ಆದದ್ದಿರಬೇಕು. ಕೆಲವು ಬಾರಿ ಆರಿಸಿ, ತಣಿಯಲು ಬಿಟ್ಟು, ಹಾಕಿದಂತೆ ಅದೂ ಮಾಯವಾಯಿತು. ಇಂಥ ಟಿ.ವಿ.ಯ ಹಿಂದಿನ ಮುಚ್ಚಳವನ್ನು ಮನೆಯವರು ತೆಗೆಯಬಾರದು. ಬಣ್ಣದ ಟ್ಯೂಬಿನಲ್ಲಿ 25 ಸಾವಿರ ವೋಲ್ಟಿನಷ್ಟು ಒತ್ತಡವಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಕೊಡಲೇಬೇಕಾಗಿ ಬಂದರೆ ಬೀದಿಯ ಗುಜರಿಗೆ ಕೊಡದೆ, ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. ಟ್ಯೂಬಿನ ಗಾಜಿನಲ್ಲಿ ಸೀಸವಿದೆ.

ಬೆಂಗಳೂರಿನ ಮನೆಯಲ್ಲಿ ಡಬ್ಬಾ ಟಿ.ವಿ.ಗೆ ಸ್ಥಳವಿಲ್ಲ. ಆದ್ದರಿಂದ ಹಳದಿ ಪಿನ್ನನ್ನು ಒಪ್ಪುವ ಸಣ್ಣ ಅಪ್‌ಸ್ಕೇಲರೊಂದನ್ನು ನಮ್ಮ ಹುಡುಗ ಅಲ್ಲಿಗೆ ತರಿಸಿಕೊಂಡಿದ್ದಾನೆ. ಯಂತ್ರವನ್ನೂ ಕ್ಯಾಸೆಟ್ಟುಗಳನ್ನೂ ಕೊಂಡೊಯ್ದನು. ಹಬ್ಬಕ್ಕೆ ಬರುವಾಗ ಮರಳಿ ತರುವನಂತೆ. ಬಂದೂಕು ಮಾತ್ರ ದಾವಣಗೆರೆಯಲ್ಲಿಯೇ, ಟಿ.ವಿ.ಯ ಮೇಲೆ ಇದೆ. ಹೊರಡುವ ಹಿಂದಿನ ರಾತ್ರಿ ಅವನು ಹಳೆಯ ಪರದೆಯ ಮುಂದೆ ಕುಳಿತು ಮೊದಲ ಹಳ್ಳವನ್ನು ದಾಟಿದನು, ಎರಡನೆಯದನ್ನೂ ದಾಟಿದನು. ಎರಡನೆಯ ರಿಮೋಟನ್ನು ಅತ್ತಿಗೆಯವರು ಹಿಡಿದಿದ್ದರು. ಯಾವ ಗುಂಡಿ ಒತ್ತಿದರೆ ನೆಗೆಯುತ್ತಾನೆ ಎಂದು ಅವರು ಮೊಮ್ಮಗಳನ್ನು ಕೇಳುತ್ತಿದ್ದರು.