ಉಪಯೋಗವಿಲ್ಲದ ಯಂತ್ರದ ಉಪಯೋಗ

"ಇದರಿಂದ ಏನು ಪ್ರಯೋಜನ?" ವಿಜ್ಞಾನ ವಸ್ತುಪ್ರದರ್ಶನದಲ್ಲಿ ವಿದ್ಯಾರ್ಥಿಗಳಿಗೆ ತಪ್ಪದೆ ಎದುರಾಗುವ ಪ್ರಶ್ನೆ ಇದು. ಇದಕ್ಕೆ ಅಂಜಿಯೇ ಅನೇಕರು ಥರ್ಮೋಕೋಲಿನ ಅಣೆಕಟ್ಟನ್ನು ವರ್ಷ ವರ್ಷವೂ ಮಾಡುತ್ತಾರೆ. "ಏನೂ ಪ್ರಯೋಜನವಿಲ್ಲ" ಎಂದು ನಗುತ್ತಾ ಹೇಳಬಹುದಾದ ಯಂತ್ರವೊಂದನ್ನು ಮಾಡಿದರೆ ಹೇಗೆ?

ಒಂದು ಪೆಟ್ಟಿಗೆ, ಅದರ ಮೇಲೊಂದು ಸ್ವಿಚ್ಚು. ಸ್ವಿಚ್ಚು ಹಾಕಿದೊಡನೆ ಮುಚ್ಚಳ ತೆರೆದು, ಒಳಗಿನಿಂದ ಕೈಯೊಂದು ಬಂದು ಸ್ವಿಚ್ಚನ್ನು ಆರಿಸಿ ಮತ್ತೆ ಒಳಸೇರುತ್ತದೆ. ಅಷ್ಟೇ! 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದಾಗ ಮಾರ್ವಿನ್ ಮಿನ್‌ಸ್ಕಿ ಅವರಿಗೆ ಹೊಳೆದ ಕಲ್ಪನೆ ಇದು. ಅದಕ್ಕೆ ರೂಪ ಕೊಟ್ಟವರು ಕ್ಲಾಡ್ ಶ್ಯಾನನ್. ಇಂದಿನ ಎಲ್ಲ ಡಿಜಿಟಲ್ ಸಂಪರ್ಕಕ್ಕೆ ತಳಹದಿಯಾದ ಮಾಹಿತಿ ಸಿದ್ಧಾಂತವನ್ನು 1948ರಲ್ಲಿ ಮಂಡಿಸಿದ ಗಣಿತಜ್ಞ ಇವರೇ! ತನ್ನನ್ನು ಆರಿಸಿಕೊಳ್ಳುವುದರ ಹೊರತು ಬೇರೇನನ್ನೂ ಮಾಡದ ಈ ಯಂತ್ರವನ್ನು ಕಂಡು ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರಿಗೆ ಒಂದು ಬಗೆಯ ಭಯವೇ ಆಯಿತು.

ಇದು ಕೆಲಸ ಮಾಡುವುದು ಹೇಗೆ? ಗೇರು ಇರುವ ಆಟಿಕೆಯ ಮೋಟಾರು, ಎರಡು ಸೆಲ್ಲು, ಆರು ಕಾಲುಗಳ ಟಾಗಲ್ ಸ್ವಿಚ್ಚು, ಒತ್ತಿದಾಗ ಸಂಪರ್ಕ ಕಡಿಯುವ ಒಂದು ಸಣ್ಣ ಸ್ವಿಚ್ಚು, ಇಷ್ಟು ಸಾಕು. ಟಾಗಲ್ ಸ್ವಿಚ್ಚಿನ ನಡುವಿನ ಎರಡು ಕಾಲುಗಳಿಗೆ ಮೋಟಾರನ್ನು ಜೋಡಿಸಿ. ಒಂದು ತುದಿಯ ಜೋಡಿಗೆ ಸೆಲ್ಲಿನ ತಂತಿಗಳನ್ನು ನೇರವಾಗಿಯೂ ಇನ್ನೊಂದು ತುದಿಯ ಜೋಡಿಗೆ ಅದಲುಬದಲಾಗಿಯೂ ಕೊಡಿ. ಸ್ವಿಚ್ಚು ಒಂದು ಕಡೆಗಿದ್ದರೆ ಮೋಟಾರು ಮುಂದಕ್ಕೆ, ಇನ್ನೊಂದು ಕಡೆಗಿದ್ದರೆ ಹಿಂದಕ್ಕೆ ತಿರುಗುತ್ತದೆ. ಕೈ ಹೊರಬಂದು ಸ್ವಿಚ್ಚನ್ನು ತಳ್ಳಿದ ಕ್ಷಣವೇ ಮೋಟಾರಿನ ದಿಕ್ಕು ಬದಲಾಗಿ ಕೈ ಹಿಂದಿರುಗುತ್ತದೆ. ಆದರೆ ಅದು ನಿಲ್ಲಬೇಕಲ್ಲ? ಹಿಂದಿರುಗುವ ದಾರಿಯ ತಂತಿಯಲ್ಲಿ ಆ ಸಣ್ಣ ಸ್ವಿಚ್ಚನ್ನು ಸೇರಿಸಿ. ಕೈ ಸ್ವಸ್ಥಾನಕ್ಕೆ ಬಂದು ಅದನ್ನು ಒತ್ತಿದಾಗ ವಿದ್ಯುತ್ ಕಡಿದು ಎಲ್ಲವೂ ಶಾಂತ.

ಕೈ ನಡುವೆಯೇ ತಡೆದು ನಿಂತರೆ ಅದರ ಉದ್ದವನ್ನು ಕಡಿಮೆ ಮಾಡಿ. ಉದ್ದ ಹೆಚ್ಚಿದಷ್ಟೂ ತುದಿಯಲ್ಲಿ ಬಲ ಕಡಿಮೆ. ಪುಸ್ತಕದಲ್ಲಿ ಓದಿದ ಸನ್ನೆಗೋಲಿನ ನಿಯಮ ಇಲ್ಲಿ ಬೆರಳಿಗೇ ತಿಳಿಯುತ್ತದೆ.

ಯಂತ್ರ ಮಾಡಿದ ಕೆಲಸವೇ ಯಂತ್ರಕ್ಕೆ "ಸಾಕು" ಎಂದು ಹೇಳುವುದು ಇಲ್ಲಿನ ಗುಟ್ಟು. ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ತೇಲುಗುಂಡು, ನೀರು ಕಾದೊಡನೆ ಆರುವ ಗೀಸರು, ಮಹಡಿ ಮೀರದ ಲಿಫ್ಟು, ಎಲ್ಲವೂ ಇದೇ ತತ್ತ್ವದ ಬಂಧುಗಳು. ಉಪಯೋಗದ ಯಂತ್ರದಲ್ಲಿ ನಮ್ಮ ಗಮನ ನೀರಿನ ಮೇಲೆ, ಬಿಸಿಯ ಮೇಲೆ. ಉಪಯೋಗವಿಲ್ಲದ ಯಂತ್ರದಲ್ಲಿ ನೋಡಲು ತತ್ತ್ವವೊಂದೇ ಉಳಿಯುತ್ತದೆ.

ಆಟವನ್ನು ಗೌರವದಿಂದ ಕಾಣುವುದು ನಮಗೆ ಹೊಸದೇನಲ್ಲ. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ 100 ಅಧ್ಯಾಯಗಳಲ್ಲಿ 40 ಮೀಸಲಾಗಿರುವುದು ವಿನೋದ ಮತ್ತು ಕ್ರೀಡೆಗಳಿಗೆ. ಅದೇ ಬೀದರ್ ಜಿಲ್ಲೆಯ ಬೇಮಳಖೇಡದ ಹುಡುಗಿಯೊಬ್ಬಳು ಮುರಿದ ಆಟಿಕೆ ಬಿಚ್ಚಿಕೊಂಡು ಕುಳಿತರೆ, ಹಿರಿಯರು "ಹೊತ್ತು ಹಾಳು" ಎನ್ನದಿರಲಿ. ಪ್ರಯೋಜನವೇನೆಂದು ತೀರ್ಪುಗಾರರು ಕೇಳಿದರೆ ಆಕೆ ಪೆಟ್ಟಿಗೆಯನ್ನು ಅವರ ಮುಂದೆ ಸರಿಸಿ, "ಇದು ತಾನಾಗಿ ನಿಲ್ಲುವುದು ಹೇಗೆ, ಹೇಳಿ ಸರ್" ಎಂದು ಕೇಳಬಹುದು.