ಐ.ಸಿ.ಯು.ನಲ್ಲಿರುವವರ ಊಟದ ಲೆಕ್ಕ: ನೀವು ನಮಗೆ ತಿಳಿಸಬೇಕಾದದ್ದು

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಬಸ್ಸು ಹತ್ತಿ ಬರುವ ಸಂಬಂಧಿಕರು ಐ.ಸಿ.ಯು. ಬಾಗಿಲಲ್ಲಿ ರಾಗಿ ಗಂಜಿಯ ಫ್ಲಾಸ್ಕ್ ಹಿಡಿದು ನಿಲ್ಲುವುದುಂಟು. ತಮ್ಮ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಗಂಜಿಗಿಂತ ತಾವು ಕೊಡುವ ಮಾಹಿತಿಯೇ ರೋಗಿಗೆ ಹೆಚ್ಚು ಬೇಕಾದದ್ದು.

ತೀವ್ರ ಕಾಯಿಲೆಯಲ್ಲಿ ದೇಹವು ತನ್ನ ಮಾಂಸಖಂಡಗಳನ್ನೇ ಕರಗಿಸಿಕೊಳ್ಳುತ್ತದೆ. ಉಸಿರಾಟದ ಸ್ನಾಯುಗಳು ಸೊರಗಿದರೆ ವೆಂಟಿಲೇಟರ್ ತೆಗೆಯುವುದು ತಡವಾಗುತ್ತದೆ. ಆದ್ದರಿಂದ ರೋಗಿ ಮೊದಲೇ ಎಷ್ಟು ಸೊರಗಿದ್ದಾರೆಂದು ಅಂದಾಜು ಮಾಡಬೇಕು. ಇದಕ್ಕೆ ತೂಕದ ಯಂತ್ರವೊಂದೇ ಸಾಲದು. ಡ್ರಿಪ್ಸ್ ನೀರು, ಮೈ ಬಾವು ಸೇರಿ ತೂಕ ಹೆಚ್ಚಾಗಿ ಕಾಣುತ್ತದೆ. ರಕ್ತದ ಆಲ್ಬುಮಿನ್ ಪರೀಕ್ಷೆಯನ್ನೂ ನಂಬುವಂತಿಲ್ಲ, ಸೋಂಕಿದ್ದರೆ ಅದು ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಕಣತಲೆ, ಭುಜ, ತೋಳು, ತೊಡೆಗಳ ಮಾಂಸವನ್ನು ಮುಟ್ಟಿ ನೋಡುತ್ತೇವೆ. ಉಳಿದದ್ದನ್ನು ತಮ್ಮನ್ನೇ ಕೇಳಬೇಕು.

ಮೂರು ತಿಂಗಳಲ್ಲಿ ತೂಕ ಇಳಿದಿತ್ತೆ? 60 ಕಿಲೋ ಇದ್ದವರು 3 ಕಿಲೋಗಿಂತ ಹೆಚ್ಚು ಇಳಿದಿದ್ದರೂ ಅದು ಗಂಭೀರವೇ. ತೂಕ ಗೊತ್ತಿಲ್ಲವೆ? ರವಿಕೆ, ಬಳೆ, ಬೆಲ್ಟು ಸಡಿಲವಾಗಿತ್ತೆ ಎಂದು ನೆನಪಿಸಿಕೊಳ್ಳಿ. ಎರಡು ಮುದ್ದೆ ಉಣ್ಣುತ್ತಿದ್ದವರು ಕಳೆದ ವಾರ ಅರ್ಧಕ್ಕೇ ಎದ್ದರೆ? ವಾಂತಿ, ಭೇದಿ, ನುಂಗಲು ಕಷ್ಟ, ಸೋಮವಾರದ ಉಪವಾಸ, ಶ್ರಾವಣದ ಒಪ್ಪತ್ತು, ಎಲ್ಲವನ್ನೂ ಹೇಳಿ. ಸಾಮಾನ್ಯವಾಗಿ ಆಸ್ಪತ್ರೆಗೆ ಬರುವ ಗಂಡಸರು “ಚೆನ್ನಾಗೇ ತಿನ್ನುತ್ತಿದ್ದರು ಸಿಸ್ಟರ್” ಎಂದುಬಿಡುತ್ತಾರೆ. ನಿಜ ಗೊತ್ತಿರುವುದು ಮನೆಯಲ್ಲಿ ಬಡಿಸುತ್ತಿದ್ದವರಿಗೆ. ಅವರಿಗೆ ಫೋನ್ ಮಾಡಿ ಕೇಳಿ.

ಇದರಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚು ಆಹಾರ ಹೋದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲಬಹುದು. ಎರಡನೇ ಮಹಾಯುದ್ಧ 1945ರಲ್ಲಿ ಮುಗಿದಾಗ, ಹಸಿವಿನಿಂದ ಬಳಲಿ ಬಿಡುಗಡೆಯಾದ ಕೈದಿಗಳಲ್ಲಿ ಕೆಲವರು ಊಟ ಸಿಕ್ಕ ಮೇಲೆಯೇ ಸತ್ತದ್ದು ವೈದ್ಯರಿಗೆ ಈ ಪಾಠ ಕಲಿಸಿತು. ಇಂಥವರಿಗೆ ಸ್ವಲ್ಪದಿಂದ ಆರಂಭಿಸಿ, ರಕ್ತಪರೀಕ್ಷೆ ನೋಡುತ್ತಾ ಏರಿಸುತ್ತಾರೆ. ಕುಡಿತದ ಅಭ್ಯಾಸವಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಆಹಾರಕ್ಕೆ ಮೊದಲೇ ಥಯಾಮಿನ್ ಎಂಬ ಬಿ-1 ವಿಟಮಿನ್ ಕೊಡಬೇಕಾಗುತ್ತದೆ. ಯಾರೂ ತಮ್ಮನ್ನು ಹೀಗಳೆಯುವುದಿಲ್ಲ.

ಬಾಯಲ್ಲಿ ಉಣ್ಣಲಾಗದವರಿಗೆ ಸಾಮಾನ್ಯವಾಗಿ 48 ಗಂಟೆಯೊಳಗೆ ಮೂಗಿನ ನಳಿಕೆಯಿಂದ ಆಹಾರ ಶುರುವಾಗುತ್ತದೆ. ಬಿ.ಪಿ. ತೀರಾ ಇಳಿದಿದ್ದರೆ ಕಾಯುತ್ತಾರೆ. ಕೆಲವು ದಿನಗಳಲ್ಲಿ ಮುಟ್ಟಬೇಕಾದ ಗುರಿ, 60 ಕಿಲೋ ತೂಕದವರಿಗೆ, ದಿನಕ್ಕೆ ಸುಮಾರು 70ರಿಂದ 80 ಗ್ರಾಂ ಪ್ರೋಟೀನ್. 100 ಗ್ರಾಂ ರಾಗಿಹಿಟ್ಟಿನಲ್ಲಿರುವುದು ಸುಮಾರು 7 ಗ್ರಾಂ ಮಾತ್ರ! ತೆಳು ಗಂಜಿ ಸಾಲದೆಂಬುದು ಇದರಿಂದ ತಿಳಿಯುತ್ತದೆ. ಎಚ್ಚರವಿಲ್ಲದವರ ಬಾಯಿಗೆ ಹಾಲು, ಎಳನೀರು ಹಾಕಲೇಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ನಳಿಕೆಗೂ ತಾವಾಗಿ ಏನನ್ನೂ ಹಾಕಬೇಡಿ.

ನಾಳೆ ಬರುವಾಗ ತೂಕ ಬರೆದಿರುವ ಹಳೆಯ ಆಸ್ಪತ್ರೆ ಚೀಟಿ, ಬಾಣಂತಿಯಾದರೆ ತಾಯಿ ಕಾರ್ಡು ತಂದು ಐ.ಸಿ.ಯು. ಸಿಸ್ಟರ್ ಕೈಗೆ ಕೊಡಿ.