ಆಪ್ತಸಮಾಲೋಚಕರು ತಯಾರಾಗುವ ಬಗೆ

(ಬಾನುಲಿ ಭಾಷಣ)

ವಿಜಯನಗರದ ನಮ್ಮ ಬೀದಿಯಲ್ಲಿ ‘ಕೌನ್ಸೆಲಿಂಗ್’ ಎಂಬ ಮಾತು ಕಿವಿಗೆ ಬಿದ್ದರೆ ಅದರ ಅರ್ಥ ಆಯಾ ಮನೆಗೆ ತಕ್ಕಂತೆ ಬದಲಾಗುತ್ತದೆ. ದ್ವಿತೀಯ ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಯಲ್ಲಿ ಅದು ಸಿ.ಇ.ಟಿ. ರ‍್ಯಾಂಕು, ಕಾಲೇಜುಗಳ ಪಟ್ಟಿ, ಸೀಟಿನ ಹಂಚಿಕೆ. ಸರ್ಕಾರಿ ಶಾಲೆಯ ಉಪಾಧ್ಯಾಯಿನಿಗೆ ಅದು ವರ್ಗಾವಣೆಯ ದಿನ. ಸಂಸಾರ ಮುರಿದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ರಾಜಿಯ ಮಾತುಕತೆ. ಮನಸ್ಸು ಕುಗ್ಗಿದ ಒಂದು ಮಗುವಿನ ಎದುರು ಕುಳಿತು, ಅದು ಹೇಳುವುದನ್ನೂ ಹೇಳಲಾರದ್ದನ್ನೂ ಕೇಳಿಸಿಕೊಳ್ಳುವ ಕೆಲಸಕ್ಕೂ ಇದೇ ಹೆಸರಿದೆ ಎಂಬುದು ಕಟ್ಟಕಡೆಗೆ ನೆನಪಾಗುತ್ತದೆ. ಆ ಕಡೆಯ ಅರ್ಥದ ಕೆಲಸಕ್ಕೆ ಜನರನ್ನು ನಾವು ಹೇಗೆ ಸಿದ್ಧಪಡಿಸುತ್ತಿದ್ದೇವೆ ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮನಶ್ಶಾಸ್ತ್ರದ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಈ ವಿಷಯದಲ್ಲಿ ನನಗೆ ಕೆಲವು ಗಟ್ಟಿಯಾದ ಅಭಿಪ್ರಾಯಗಳೂ ಇವೆ.

ಕನ್ನಡದಲ್ಲಿ ಇದಕ್ಕೆ ‘ಆಪ್ತಸಲಹೆ’, ‘ಆಪ್ತಸಮಾಲೋಚನೆ’ ಎಂಬ ಎರಡು ಹೆಸರುಗಳು ರೂಢಿಯಲ್ಲಿವೆ. ಮೊದಲನೆಯದು ನಾಲಗೆಗೆ ಸುಲಭ, ಆದರೆ ದಾರಿ ತಪ್ಪಿಸುವಂಥದು. ಸಲಹೆ ಎಂದೊಡನೆ ಕೊಡುವವನು ಬಲ್ಲವನು, ತೆಗೆದುಕೊಳ್ಳುವವನು ಅರಿಯದವನು ಎಂಬ ಭಾವ ಬಂದುಬಿಡುತ್ತದೆ. (ಅರಬ್ಬಿಯಿಂದ ಬಂದ ಈ ‘ಸಲಹೆ’ಗೂ, ಪೊರೆಯುವುದು ಎಂಬ ಅರ್ಥದ ನಮ್ಮ ‘ಸಲಹು’ ಎಂಬ ಧಾತುವಿಗೂ ನಂಟಿಲ್ಲ; ಇದ್ದಿದ್ದರೆ ಚೆನ್ನಾಗಿತ್ತು.) ಸಮಾಲೋಚನೆಯೆಂದರೆ ಕೂಡಿ ಆಲೋಚಿಸುವುದು. ಕೆಲಸದ ಸ್ವರೂಪಕ್ಕೆ ಇದೇ ಹತ್ತಿರ. ಇನ್ನು ‘ಆಪ್ತ’ ಎಂಬ ವಿಶೇಷಣ. ನಮ್ಮ ಅಜ್ಜಿಯರೇ ಸಮಾಲೋಚಕರಾಗಿದ್ದರು, ಇದಕ್ಕೆಲ್ಲ ಪದವಿ ಬೇಕೇ ಎಂದು ಹಲವರು ಕೇಳುತ್ತಾರೆ. ಈ ವಾದವನ್ನು ನಾನು ಒಪ್ಪಲಾರೆ. ಅಜ್ಜಿ ಎಷ್ಟೇ ಪ್ರೀತಿಯವಳಾದರೂ ಆ ಮನೆಯ ವ್ಯಾಜ್ಯದಲ್ಲಿ ಅವಳೂ ಒಬ್ಬ ಕಕ್ಷಿದಾರಳು. ಮಗನ ಪರವೋ ಸೊಸೆಯ ಪರವೋ ಅವಳಿಗೊಂದು ನಿಲುವಿರುತ್ತದೆ. ಮೊಮ್ಮಗಳು ಹೇಳಿದ ಗುಟ್ಟು ಸಂಜೆಯೊಳಗೆ ಅಡುಗೆಮನೆ ಸೇರಿರುತ್ತದೆ. ಆಪ್ತತೆಯನ್ನೂ ದೂರವನ್ನೂ ಒಟ್ಟಿಗೆ ಸಾಧಿಸುವುದು ಹುಟ್ಟಿನಿಂದ ಬರುವ ಗುಣವಲ್ಲವಾದ್ದರಿಂದಲೇ ತರಬೇತಿಯ ಪ್ರಶ್ನೆ ಏಳುತ್ತದೆ.

ಈ ವಿಷಯವನ್ನು ಬಾನುಲಿಯಲ್ಲಿ ಆಡುವುದಕ್ಕೆ ಒಂದು ಔಚಿತ್ಯವೂ ಉಂಟು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದ ಎಂ.ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರದ ವಿಭಾಗವನ್ನು ಕಟ್ಟಿದವರು. ಅವರ ಆ ಕೇಂದ್ರಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ಹೀಗೆ ನಮ್ಮ ನಾಡಿನಲ್ಲಿ ಮನಶ್ಶಾಸ್ತ್ರ ಮೊದಲು ಕಾಲೇಜಿನ ವಿದ್ಯೆಯಾಗಿ ಬಂತು. ಆಸ್ಪತ್ರೆಯ ದಾರಿ ಬೇರೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ವೈದ್ಯಕೀಯ ಮತ್ತು ಸಾಮಾಜಿಕ ಮನಶ್ಶಾಸ್ತ್ರದ ಡಿಪ್ಲೊಮಾ ಶುರುವಾಯಿತು. 1974ರಲ್ಲಿ ಸಂಸ್ಥೆ ಮತ್ತು ಆಸ್ಪತ್ರೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಕಾಲಕ್ರಮದಲ್ಲಿ ಎಂ.ಫಿಲ್. ಆಯಿತು. ಅಲ್ಲಿ ಕಲಿತವರು ರೋಗಿಗಳ ನಡುವೆ, ಹಿರಿಯರ ಕಣ್ಣೆದುರಿನಲ್ಲಿ ಕಲಿತರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಶಾಲೆಯ ಸಮಾಲೋಚನೆಗೆ ಮೂರನೆಯ ಮೂಲವೊಂದಿದೆ. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ ಯುವಕರಿಗೆ ತಕ್ಕ ಉದ್ಯೋಗ ಆರಿಸಿಕೊಳ್ಳಲು ನೆರವಾಗುವ ಕಚೇರಿಯೊಂದನ್ನು ತೆರೆದ. ಮಾರ್ಗದರ್ಶನ ಎಂಬ ಶಿಕ್ಷಣಶಾಖೆ ಬೆಳೆದದ್ದು ಅಲ್ಲಿಂದ. ನಮ್ಮಲ್ಲಿ ಎನ್.ಸಿ.ಇ.ಆರ್.ಟಿ. ನಡೆಸಿಕೊಂಡು ಬಂದಿರುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಈ ವಂಶದ್ದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದರ ಕೇಂದ್ರಗಳಲ್ಲಿ ಒಂದು. ಕೆಲಸದಲ್ಲಿರುವ ಉಪಾಧ್ಯಾಯರಿಗೆ ಒಂದು ವರ್ಷದ ಶಿಕ್ಷಣ: ಮೊದಲು ಮನೆಯಲ್ಲಿದ್ದು ಓದು, ನಡುವೆ ಎದುರುಬದುರು ಪಾಠ, ಕಡೆಗೆ ತಮ್ಮೂರಿಗೆ ಮರಳಿ ಅಭ್ಯಾಸ. ಹೀಗೆ ಕಾಲೇಜು, ಆಸ್ಪತ್ರೆ, ಉದ್ಯೋಗದ ಕಚೇರಿ ಎಂಬ ಮೂರು ಕಡೆಯ ನೀರು ಸೇರಿ ಶಾಲೆಯ ಸಮಾಲೋಚಕನೆಂಬ ವ್ಯಕ್ತಿ ನಿರ್ಮಾಣವಾದ. ಯಾವ ಕಡೆಯವರೂ ಆತನನ್ನು ಪೂರ್ತಿಯಾಗಿ ತಮ್ಮವನೆಂದು ಒಪ್ಪಿಕೊಂಡದ್ದಿಲ್ಲ.

ಇದರ ಪರಿಣಾಮ ಇಂದಿಗೂ ಕಾಣುತ್ತದೆ. 1992ರ ಕಾಯಿದೆಯ ಪ್ರಕಾರ ಚಿಕಿತ್ಸಕ ಮನಶ್ಶಾಸ್ತ್ರಜ್ಞರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ದಾಖಲೆಯಲ್ಲಿ ಇರಲೇಬೇಕು. ಸಮಾಲೋಚಕರಿಗೆ ಅಂಥ ದಾಖಲೆಯಾಗಲಿ, ಇಷ್ಟು ಓದಿರಬೇಕು ಎಂಬ ಅಳತೆಗೋಲಾಗಲಿ ಬಹುಕಾಲ ಇರಲಿಲ್ಲ. ಎರಡು ವರ್ಷದ ಎಂ.ಎಸ್‌ಸಿ. ಓದಿದವರೂ, ಆರು ಭಾನುವಾರಗಳ ಸರ್ಟಿಫಿಕೇಟು ಪಡೆದವರೂ ಒಂದೇ ಬಗೆಯ ಬೋರ್ಡು ತೂಗುಹಾಕಬಹುದಾಗಿತ್ತು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯಿದೆ ಮೊದಲ ಬಾರಿಗೆ ಮನಶ್ಶಾಸ್ತ್ರಜ್ಞರನ್ನೂ ಸಮಾಲೋಚಕರನ್ನೂ ಒಂದು ವರ್ಗದಲ್ಲಿ ಹೆಸರಿಸಿತು. ಆ ಕಾಯಿದೆಯ ವ್ಯಾಪ್ತಿಗೆ ಬರುವ ಮನಶ್ಶಾಸ್ತ್ರವೇ ಮುಂತಾದ ವಿಷಯಗಳನ್ನು ದೂರಶಿಕ್ಷಣದಲ್ಲಿ ಕಲಿಸಕೂಡದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2025ರಲ್ಲಿ ಆದೇಶಿಸಿತು. ಅಂಚೆಯಲ್ಲಿ ಪಾಠ ತರಿಸಿಕೊಂಡು ಓದುತ್ತಿದ್ದ ಗೃಹಿಣಿಯರಿಗೂ ಹಳ್ಳಿಯ ಶಿಕ್ಷಕರಿಗೂ ಇದರಿಂದ ಬಾಗಿಲು ಮುಚ್ಚಿದಂತಾಯಿತು ಎಂಬ ಆಕ್ಷೇಪ ನಿಜ. ಆದರೂ ಆದೇಶ ಸರಿಯೆಂದೇ ನನ್ನ ಮತ. ಈಜುವುದನ್ನು ಅಂಚೆಯಲ್ಲಿ ಕಲಿಸಲಾಗದು.

ಅದೇ ವರ್ಷದ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ, ವಿದ್ಯಾರ್ಥಿಗಳ ಆತ್ಮಹತ್ಯೆಯ ವಿಷಯವನ್ನು ವಿಚಾರಿಸುತ್ತ, ನೂರು ಮತ್ತು ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲಿಯೂ ಅರ್ಹತೆಯುಳ್ಳ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕೆಂದು ಮಾರ್ಗಸೂಚಿ ನೀಡಿತು. ನೂರು ಮಕ್ಕಳೆಂದರೆ ಎಷ್ಟು? ನಮ್ಮ ಹಂಪಿನಗರ, ಅತ್ತಿಗುಪ್ಪೆ, ಹೊಸಹಳ್ಳಿಗಳ ಗಲ್ಲಿಯೊಳಗಿನ ಸಣ್ಣ ಶಾಲೆಯಲ್ಲಿಯೂ ಅಷ್ಟು ಮಕ್ಕಳಿದ್ದಾರೆ. ಅಷ್ಟು ಮಂದಿ ಸಮಾಲೋಚಕರು ಎಲ್ಲಿದ್ದಾರೆ? ಆಸೆ ಒಳ್ಳೆಯದೇ, ಆದರೆ ಬೇಡಿಕೆ ಮುಂದೆ ಓಡಿ ತರಬೇತಿ ಹಿಂದೆ ಉಳಿದಾಗ ಏನಾಗುತ್ತದೆಂಬುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ.

ನಮ್ಮ ಪಕ್ಕದ ರಸ್ತೆಯ ಹುಡುಗಿಯೊಬ್ಬಳು ಬಿ.ಎ.ಯಲ್ಲಿ ಮನಶ್ಶಾಸ್ತ್ರವನ್ನು ಒಂದು ವಿಷಯವಾಗಿ ಓದಿ, ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದಳು. ಒಂದು ದಿನ ಆಡಳಿತದವರು ಆಕೆಯನ್ನು ಕರೆಸಿ, “ನೀವು ಸೈಕಾಲಜಿ ಓದಿದ್ದೀರಲ್ಲ, ಸೋಮವಾರದಿಂದ ನೀವೇ ಕೌನ್ಸೆಲರು” ಎಂದರಂತೆ. ಕ್ರೀಡಾಸಾಮಗ್ರಿ ಇಡುವ ಕೋಣೆಯಲ್ಲಿ ಒಂದು ಮೇಜು ಹಾಕಿಕೊಟ್ಟರು. ಮೊದಲ ವಾರವೇ ಶಿಕ್ಷಕರೊಬ್ಬರು ಹುಡುಗನೊಬ್ಬನ ತೋಳು ಹಿಡಿದು ತಂದು, “ಇವನನ್ನು ಸ್ವಲ್ಪ ಸರಿಮಾಡಿಕೊಡಿ” ಎಂದು ಬಿಟ್ಟುಹೋದರು. ಕೈಗಡಿಯಾರ ರಿಪೇರಿಗೆ ಕೊಟ್ಟಂತೆ! ಅವಳು ನನ್ನ ಬಳಿ ಬಂದು ಕೇಳಿದ್ದು ಒಂದೇ ಮಾತು: “ಮೇಷ್ಟ್ರೇ, ಆ ಹುಡುಗ ಅಳೋಕೆ ಶುರು ಮಾಡಿದ. ನಾನೇನು ಮಾಡಬೇಕಾಗಿತ್ತು?”

ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಆದರೆ ಅದು ಓದಿ ಬರುವಂಥದಲ್ಲ. ಒಳ್ಳೆಯ ಸ್ನಾತಕೋತ್ತರ ಶಿಕ್ಷಣದಲ್ಲಿ ಬೆಳವಣಿಗೆಯ ಮನಶ್ಶಾಸ್ತ್ರ, ವ್ಯಕ್ತಿತ್ವದ ಸಿದ್ಧಾಂತಗಳು, ಪರೀಕ್ಷಣಗಳು, ಸಂಶೋಧನೆಯ ವಿಧಾನ ಎಲ್ಲ ಇರುತ್ತವೆ, ಅವು ಬೇಕು. ನಿಜವಾದ ಕಲಿಕೆ ನಡೆಯುವುದು ಮೂರು ಕುರ್ಚಿಗಳ ಮೇಲೆ. ಒಂದರಲ್ಲಿ ತನ್ನ ಕಷ್ಟ ಹೇಳುವ ವಿದ್ಯಾರ್ಥಿ, ಇನ್ನೊಂದರಲ್ಲಿ ಕೇಳುವ ವಿದ್ಯಾರ್ಥಿ, ಮೂರನೆಯದರಲ್ಲಿ ಸುಮ್ಮನೆ ನೋಡಿ ಬರೆದುಕೊಳ್ಳುವವನು. ಆಮೇಲೆ ಪಾತ್ರಗಳು ಬದಲಾಗುತ್ತವೆ. ಹೊಸಬರು ಎರಡು ನಿಮಿಷ ತಡೆದಾರು. ಮೂರನೆಯ ನಿಮಿಷಕ್ಕೆ “ಧೈರ್ಯ ತಂದುಕೋ, ಎಲ್ಲ ಸರಿಹೋಗುತ್ತೆ” ಎಂದುಬಿಡುತ್ತಾರೆ. ಈ ವಾಕ್ಯ ಕೇಳುವವನ ಕಳವಳವನ್ನು ತಣಿಸುತ್ತದೆಯೇ ಹೊರತು ಹೇಳುವವನದನ್ನಲ್ಲ. ಆ ಮಾತಿನ ಮೇಲೆ ಮಗು ತಲೆಯಾಡಿಸಿ ಎದ್ದು ಹೋಗುತ್ತದೆ. ಕಾರ್ಲ್ ರೋಜರ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1957ರ ತನ್ನ ಪ್ರಸಿದ್ಧ ಲೇಖನದಲ್ಲಿ ಸಮಾಲೋಚಕನಿಗೆ ಬೇಕೆಂದು ಹೇಳಿದ ಗುಣಗಳು ಹೇಳುವುದಕ್ಕೆ ಸರಳ: ಇನ್ನೊಬ್ಬರ ಅನುಭವವನ್ನು ಅವರ ಒಳಗಿನಿಂದ ಗ್ರಹಿಸುವುದು, ಷರತ್ತಿಲ್ಲದ ಆದರ, ತಾನು ಒಳಗೊಂದು ಹೊರಗೊಂದು ಆಗದಿರುವುದು. ಮೌನವನ್ನು ಒಂದು ನಿಮಿಷ ಸಹಿಸಲಾರದವನಿಗೆ ಈ ಮೂರೂ ಬಾಯಿಪಾಠ ಬಂದರೆ ಫಲವೇನು?

ಆದ್ದರಿಂದಲೇ ಮೇಲ್ವಿಚಾರಣೆಯಲ್ಲಿ ಕಳೆದ ಗಂಟೆಗಳಿಗೆ ಬೆಲೆ. ಅಮೆರಿಕದಲ್ಲಿ ಇಂಥ ಪದವಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯ ನಿಯಮದಂತೆ ಮೊದಲು 100 ಗಂಟೆಗಳ ಅಭ್ಯಾಸ, ಆಮೇಲೆ 600 ಗಂಟೆಗಳ ಇಂಟರ್ನ್‌ಷಿಪ್. ಇದರಲ್ಲಿ 40 ಮತ್ತು 240 ಗಂಟೆಗಳು ನೆರವು ಬೇಡಿ ಬಂದವರ ನೇರ ಸೇವೆಯಲ್ಲಿಯೇ ಕಳೆಯಬೇಕು, ಹಿರಿಯರೊಬ್ಬರು ಅದನ್ನು ವಾರವಾರವೂ ಪರಿಶೀಲಿಸಬೇಕು. ಅಲ್ಲಿಯ ಶಾಲಾ ಸಮಾಲೋಚಕರ ಸಂಘ 250 ಮಕ್ಕಳಿಗೆ ಒಬ್ಬರಿರಲಿ ಎನ್ನುತ್ತದೆ. ಅವರ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಪದವಿಗೆ ಸೇರುವವರು ಶುಲ್ಕ ಎಷ್ಟೆಂದು ಕೇಳುವ ಮೊದಲು, ನಾನು ಮಗುವಿನೊಡನೆ ಎಷ್ಟು ಗಂಟೆ ಕೂರುತ್ತೇನೆ, ನನ್ನ ಟಿಪ್ಪಣಿಯನ್ನು ಓದುವವರು ಯಾರು ಎಂದು ಕೇಳಬೇಕು. ಆಸ್ಪತ್ರೆಯ ದಾರಿಯಲ್ಲಿ ಕಲಿತವರು ಹಿರಿಯರ ಕಣ್ಣೆದುರು ಕಲಿತರು ಎಂದೆನಲ್ಲ, ಶಾಲೆಯ ದಾರಿಗೆ ಇನ್ನೂ ಸಾಲದಿರುವುದು ಅದೇ.

ಎರಡು ವಿಷಯಗಳನ್ನಂತೂ ಅಭ್ಯಾಸವಿಲ್ಲದೆ ಕೈಗೆ ಕೊಡುವುದು ಅಪಾಯ. ಒಂದು ಗುಟ್ಟು. ‘ನೀನು ಹೇಳಿದ್ದನ್ನು ಯಾರಿಗೂ ಹೇಳೆನು’ ಎಂದು ಶಾಲೆಯ ಸಮಾಲೋಚಕ ಮಗುವಿಗೆ ಮಾತು ಕೊಡುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯಿದೆಯಂತೆ ಅಂಥ ಕೃತ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆಯುಂಟು. ಪ್ರಾಣಕ್ಕೆ ಅಪಾಯವಿದೆ ಎನಿಸಿದಾಗಲೂ ಮೌನ ಸಲ್ಲದು. ಈ ಮಿತಿಯನ್ನು ಮೊದಲ ದಿನವೇ, ಮಗು ಹೆದರಿ ಮುಚ್ಚಿಕೊಳ್ಳದಂಥ ಮಾತಿನಲ್ಲಿ ಹೇಳುವುದು ಹೇಗೆ? ಇದನ್ನು ಹತ್ತಾರು ಸಲ ಆಡಿ ತಿದ್ದಿಕೊಳ್ಳಬೇಕು. ಎರಡನೆಯದು, ತನ್ನ ಕೈ ಮೀರಿದ್ದನ್ನು ಗುರುತಿಸುವುದು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇಕಡ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿವೆ ಎಂದು ಕಂಡುಕೊಂಡಿತು. ಇವರಲ್ಲಿ ಯಾರಿಗೆ ಮಾತು ಸಾಕು, ಯಾರನ್ನು ತಡಮಾಡದೆ ವೈದ್ಯರ ಬಳಿ ಕಳಿಸಬೇಕು ಎಂಬ ವಿವೇಕ ಬೇಕು. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ-ಮಾನಸ್ ದೂರವಾಣಿ ಕನ್ನಡದಲ್ಲಿಯೂ ದೊರೆಯುತ್ತಿದೆ. ಆ ಸಂಖ್ಯೆಯನ್ನು ಗೋಡೆಗೆ ಬರೆಯಿಸುವುದು ಒಳ್ಳೆಯದು, ಅಷ್ಟಕ್ಕೆ ಶಾಲೆಯ ಹೊಣೆ ತೀರಿತೆಂದು ತಿಳಿಯಬಾರದು.

ಸಾಹಿತ್ಯಾಸಕ್ತರಾದ ನಿಮ್ಮೆದುರು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು ಇನ್ನೂ ಉಳಿದಿದೆ. ಈ ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಮಗು ಅಳುವುದು ಕನ್ನಡದಲ್ಲಿ. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನಸ್ಸಿನ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಹೇರಳವಾಗಿ ಬರೆದರು. ಅದು ಓದುಗರಿಗೆ ಒದಗಿತು, ತರಗತಿಯೊಳಗೆ ಅಷ್ಟಾಗಿ ಬರಲಿಲ್ಲ. ‘ಬೇಜಾರು’ ಎಂಬ ಒಂದೇ ಪದವನ್ನು ನೋಡಿ. ಹೊತ್ತು ಹೋಗದಿರುವುದೂ ಬೇಜಾರು, ದುಃಖವೂ ಬೇಜಾರು, ಮುನಿಸೂ ಬೇಜಾರು, ಅವಮಾನದ ನೋವೂ ಬೇಜಾರು. ಇಂಗ್ಲಿಷಿಗೆ ತಿರುಗಿಸುವಾಗ ಇವುಗಳಲ್ಲಿ ಒಂದನ್ನು ಆರಿಸಲೇಬೇಕು, ಆರಿಸಿದೊಡನೆ ಉಳಿದವು ಕಳೆದುಹೋಗುತ್ತವೆ. ಆ ಹುಡುಗಿ ಕೆಲಸ ಬಿಟ್ಟು ಎಂ.ಎಸ್‌ಸಿ.ಗೆ ಸೇರಿದಳು, ಅಭ್ಯಾಸಕ್ಕೆಂದು ಕನ್ನಡ ಮಾಧ್ಯಮದ ಶಾಲೆಯೊಂದಕ್ಕೆ ಹೋಗುತ್ತಿದ್ದಳು. ಒಂಬತ್ತನೆಯ ತರಗತಿಯ ಬಾಲಕ “ಬೇಜಾರು ಮಿಸ್” ಎಂದದ್ದನ್ನು ಓದಿನಲ್ಲಿ ನಿರಾಸಕ್ತಿ ಎಂದು ಬರೆದುಕೊಂಡು ಬಂದಿದ್ದಳು. ನಾನು ವ್ಯಾಕರಣದ ಪ್ರಶ್ನೆಯೊಂದನ್ನು ಕೇಳಿದೆ: ಓದಿನಲ್ಲಿ ಬೇಜಾರೋ, ಯಾರ ಮೇಲಾದರೂ ಬೇಜಾರೋ? ಮುಂದಿನ ವಾರ ಆಕೆ ಹಾಗೆಯೇ ಕೇಳಿದಾಗ ಆ ಬಾಲಕ ಬಹಳ ಹೊತ್ತು ಸುಮ್ಮನಿದ್ದು, “ಅಪ್ಪನ ಮೇಲೆ” ಎಂದನಂತೆ. ಉಳಿದ ವಿವರವನ್ನು ಅವಳು ನನಗೂ ಹೇಳಲಿಲ್ಲ, ಹೇಳಕೂಡದು.

ನಮ್ಮ ಮಕ್ಕಳು ಎದೆಯ ನೋವನ್ನು ಬಹಳ ಸಲ ಮೈಯ ನೋವಾಗಿ ಹೇಳುತ್ತಾರೆ. ಪರೀಕ್ಷೆಯ ಮುನ್ನಾದಿನ ಹೊಟ್ಟೆನೋವು, ತಲೆಭಾರ, ಎದೆ ಡವಡವ. ಸಂಕಟ ಎಂಬ ಪದ ಹೊಟ್ಟೆಗೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ. ತಳಮಳ, ಕಸಿವಿಸಿ, ಅಳುಕು, ಕೊರಗು ಇವುಗಳ ನಡುವಿನ ಸೂಕ್ಷ್ಮ ಭೇದಗಳನ್ನು ಕತೆ ಕಾದಂಬರಿಗಳ ಓದುಗರು ಬಲ್ಲರು. ತರಬೇತಿಗೆ ಬರುವ ತರುಣ ತರುಣಿಯರು ಬಲ್ಲರೆಂದು ಹೇಳುವ ಧೈರ್ಯ ನನಗಿಲ್ಲ. ವಿಜಯನಗರದಿಂದ ಮೆಟ್ರೋ ಹತ್ತಿದರೆ ಆರನೆಯ ನಿಲ್ದಾಣ ಜ್ಞಾನಭಾರತಿ. ಅಲ್ಲಿ ಮನಶ್ಶಾಸ್ತ್ರ ವಿಭಾಗವೂ ಇದೆ, ಕನ್ನಡ ವಿಭಾಗವೂ ಇದೆ. ಈ ಪದಗಳಿಗೆಂದೇ ಎರಡೂ ಕಡೆಯ ಅಧ್ಯಾಪಕರು ವರ್ಷಕ್ಕೆ ಹತ್ತು ದಿನ ಒಟ್ಟಿಗೆ ಪಾಠ ಹೇಳಿದರೆ ಎಷ್ಟು ಲಾಭವಾದೀತು! ದುಡ್ಡಿನ ಖರ್ಚೂ ಹೆಚ್ಚಿಲ್ಲ.

ಆ ಹುಡುಗಿ ಈಗ ತನ್ನ ಟಿಪ್ಪಣಿಯ ಹಾಳೆಯ ನಡುವೆ ಗೆರೆ ಎಳೆದುಕೊಂಡಿದ್ದಾಳೆ. ಎಡಗಡೆ ಮಗುವಿನ ಮಾತು, ಬಾಯಿಂದ ಬಂದಂತೆಯೇ ಕನ್ನಡದಲ್ಲಿ. ಬಲಗಡೆ ಪರೀಕ್ಷೆಗೆ ಬೇಕಾದ ಇಂಗ್ಲಿಷು. ಅವಳ ಮೇಲ್ವಿಚಾರಕಿ ಕೇರಳದವರು, ಕನ್ನಡ ಅಲ್ಪಸ್ವಲ್ಪ ಬರುತ್ತದೆ. ಎಡಗಡೆಯ ಒಂದೊಂದು ಪದವನ್ನೂ ಬೆರಳಿಟ್ಟು, ಇದು ಯಾವ ಬೇಜಾರು ಎಂದು ಕೇಳುತ್ತಾರಂತೆ. ವಾರಕ್ಕೆ ಒಂದು ಗಂಟೆಯೆಂದು ಗೊತ್ತುಮಾಡಿದ್ದು ಈಗ ಒಂದೂವರೆ ಗಂಟೆಯಾಗುತ್ತಿದೆ.